ಗಡಿಯಾರ ಕೊಳ್ಳುವ ಮೊದಲು ಒಮ್ಮೆ ಕಣ್ಣು ಮುಚ್ಚಿ

ಹಳೆ ಗಡಿಯಾರ ಕೊಳ್ಳಲು ಹೊರಟ ಗೆಳೆಯರು, ನೆಂಟರು ನನಗೆ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸುತ್ತಾರೆ. ಜೊತೆಗೆ "ಹೇಗುಂಟು, ತೆಗೆದುಕೊಳ್ಳಬಹುದಾ?" ಎಂಬ ಪ್ರಶ್ನೆ. ಫೋಟೋದಲ್ಲಿ ಎಲ್ಲ ಗಡಿಯಾರಗಳೂ ಚೆನ್ನಾಗಿಯೇ ಕಾಣುತ್ತವೆ. ಕಡು ಕಂದು ಮರ, ಹೊಳೆಯುವ ಹಿತ್ತಾಳೆ ಪೆಂಡುಲಂ, ರೋಮನ್ ಅಂಕಿ, ನೆತ್ತಿಯ ಮೇಲೆ ಕೆತ್ತನೆಯ ಹಲಗೆ. ನಾನು ಬರೆಯುವ ಉತ್ತರ ಯಾವಾಗಲೂ ಒಂದೇ. "ಫೋಟೋ ಸಾಕು, ಈಗ ವಾಯ್ಸ್ ಮೆಸೇಜ್ ಕಳಿಸಿ. ಗಂಟೆ ಹೊಡೆಯುವುದೂ ಅದರಲ್ಲಿರಲಿ."

ಇದು ತಮಾಷೆ ಎಂದು ಕೆಲವರು ನಗುತ್ತಾರೆ. ನಾನು ಗಂಭೀರವಾಗಿಯೇ ಹೇಳುವುದು. ಚಂದಕ್ಕೆಂದು ಮನೆಗೆ ತರುವ ಬೇರೆ ಹಳೆ ಸಾಮಾನುಗಳು ಬಾಯಿ ಮುಚ್ಚಿಕೊಂಡು ಇರುತ್ತವೆ. ಉರುಳಿ, ಲಾಟೀನು, ಅಜ್ಜನ ಕಾಲದ ಮರದ ಪೆಟ್ಟಿಗೆ, ಎಲ್ಲವೂ ಇಟ್ಟ ಮೂಲೆಯಲ್ಲಿ ಸುಮ್ನೆ ಕೂರುತ್ತವೆ. ಗಡಿಯಾರ ಹಾಗಲ್ಲ. ನೀವು ಮಲಗಿದ ಮೇಲೂ ಅದು ಮಾತಾಡುತ್ತಿರುತ್ತದೆ. ಗೋಡೆಯ ಮೇಲಿನ ಚಂದ ಸ್ವಲ್ಪ ದಿನದಲ್ಲಿ ಕಣ್ಣಿಗೆ ರೂಢಿಯಾಗಿ ಕಾಣದೇ ಹೋಗುತ್ತದೆ. ಸದ್ದು ಹಿತವಾಗಿದ್ದರೆ ಮಾತ್ರ ರೂಢಿಯಾಗುತ್ತದೆ. ಇಲ್ಲದಿದ್ದರೆ ಒಂದು ದಿನ ಮನೆಯವರಲ್ಲಿ ಯಾರೋ ಎದ್ದು ಹೋಗಿ ಪೆಂಡುಲಂ ಹಿಡಿದು ನಿಲ್ಲಿಸಿಬಿಡುತ್ತಾರೆ. ನಮ್ಮ ಕಾಸರಗೋಡಿನ ಕಡೆ, ಬದಿಯಡ್ಕ, ನೀರ್ಚಾಲು, ಪೆರ್ಲದ ಮನೆಗಳಲ್ಲಿ ನಿಂತ ಗಡಿಯಾರಗಳನ್ನು ಎಷ್ಟೋ ನೋಡಿದ್ದೇನೆ. ವಿಚಾರಿಸಿದರೆ ಹಾಳಾದವುಗಳಿಗಿಂತ ಸದ್ದು ತಾಳಲಾರದೆ ನಿಲ್ಲಿಸಿದವೇ ಜಾಸ್ತಿ.

ಹಾಗಾಗಿ ಅಂಗಡಿಯಲ್ಲಿ ಮೊದಲು ಕಣ್ಣು ಮುಚ್ಚಿ ನಿಲ್ಲಿ. ಮಾಲೀಕರು ವಿಚಿತ್ರವಾಗಿ ನೋಡಿಯಾರು, ನೋಡಲಿ.

ಮೊದಲು ಕೇಳಬೇಕಾದದ್ದು ನಡಿಗೆ. ಟಿಕ್‌ನಿಂದ ಟಾಕ್‌ಗೆ ಎಷ್ಟು ಹೊತ್ತೋ, ಟಾಕ್‌ನಿಂದ ಮತ್ತೆ ಟಿಕ್‌ಗೂ ಅಷ್ಟೇ ಹೊತ್ತು ಇರಬೇಕು. ಕಾಲು ನೋವಿನವರ ಹೆಜ್ಜೆಯ ಹಾಗೆ ಒಂದು ಗಿಡ್ಡ, ಒಂದು ಉದ್ದ ಕೇಳಿಸಿದರೆ ಗಡಿಯಾರ ಓರೆಯಾಗಿ ತೂಗುತ್ತಿದೆ ಎಂದರ್ಥ. ಇಲ್ಲವೇ ಪೆಂಡುಲಂಗೆ ತಳ್ಳು ಕೊಡುವ ಒಳಗಿನ ಕಡ್ಡಿ ಬಾಗಿದೆ. ಪೆಟ್ಟಿಗೆಯ ಬುಡವನ್ನು ಎಡಕ್ಕೋ ಬಲಕ್ಕೋ ಒಂದಿಷ್ಟು ಸರಿಸಿ ನೋಡಿ. ಎಲ್ಲೋ ಒಂದು ಕಡೆ ನಡಿಗೆ ಸಮವಾಗುತ್ತದೆ. ಆದರೆ ಗಾಬರಿಯಿಲ್ಲ, ಅದು ಸಣ್ಣ ರಿಪೇರಿ. ನಡಿಗೆ ಸಮವಿಲ್ಲದ ಗಡಿಯಾರ ಸ್ವಲ್ಪ ಹೊತ್ತು ಓಡಿ ನಿಂತುಬಿಡುತ್ತದೆ. ಮಾರುವವರು "ಹಾಳಾಗಿದೆ, ಶೋಕೇಸಿಗೆ ಆಗಬಹುದು" ಎಂದು ಕಡಿಮೆಗೆ ಕೊಡುವುದುಂಟು. ಕಿವಿ ಇದ್ದವರಿಗೆ ಅಲ್ಲಿ ಲಾಭ. ಎಲ್ಲಿ ಸರಿಸಿದರೂ ನಡಿಗೆ ಒಮ್ಮೆ ಹೀಗೆ ಒಮ್ಮೆ ಹಾಗೆ ಆದರೆ, ಒಳಗೆ ಚಕ್ರದ ಅಚ್ಚು ತಿರುಗುವ ತೂತುಗಳು ಸವೆದು ದೊಡ್ಡದಾಗಿರಬಹುದು. ಅದು ದೊಡ್ಡ ಕೆಲಸ.

ಎರಡನೆಯದು ವೇಗ. ಇದು ಪೆಂಡುಲಂನ ಉದ್ದಕ್ಕೆ ಕಟ್ಟಿಬಿದ್ದ ಲೆಕ್ಕ. ಸುಮಾರು 25 ಸೆಂಟಿಮೀಟರ್ ಉದ್ದವಿದ್ದರೆ ಸೆಕೆಂಡಿಗೆ ಎರಡು ಸಲ ಸದ್ದು. ಹೆಚ್ಚು ಕಡಿಮೆ ಒಂದು ಮೀಟರ್ ಇದ್ದರೆ ಸೆಕೆಂಡಿಗೆ ಒಂದೇ ಸಲ. ಡಚ್ ವಿಜ್ಞಾನಿ ಕ್ರಿಶ್ಚಿಯನ್ ಹೈಗೆನ್ಸ್ 1656ರಲ್ಲಿ ಪೆಂಡುಲಂ ಗಡಿಯಾರ ರೂಪಿಸಿದ ಮೇಲೆ ಈ ಲೆಕ್ಕವನ್ನು ಯಾರಿಗೂ ಬದಲಿಸಲು ಆಗಿಲ್ಲ. ಮೇಜಿನ ಮೇಲಿಡುವ ಸಣ್ಣ ಗಡಿಯಾರಗಳು ಇನ್ನೂ ಅವಸರದಲ್ಲಿ ಓಡುತ್ತವೆ. ಅವುಗಳ ಚಟಪಟ ಓದುವ ಕೋಣೆಯಲ್ಲಿ ತಲೆ ತಿನ್ನುತ್ತದೆ. ಮನೆಯ ಮುಂಭಾಗದ ಚಾವಡಿಗೆ ಉದ್ದ ಪೆಂಡುಲಂನ ನಿಧಾನದ ನಡಿಗೆಯೇ ಹೊಂದುವುದು. ಜಾಗ ಇಲ್ಲದಿದ್ದರೆ ಮಧ್ಯಮದ್ದು ನೋಡಿ, ಆದರೆ ಗಿಡ್ಡದಕ್ಕೆ ಹೋಗಬೇಡಿ ಎಂಬುದು ನನ್ನ ಮಾತು.

ಮೂರನೆಯದು ಗಂಟೆ. ಜಗಳ ಶುರುವಾಗುವುದೇ ಇಲ್ಲಿ.

ಪ್ರತಿ ಗಂಟೆಗೆ ಅಷ್ಟು ಪೆಟ್ಟು, ಅರ್ಧ ಗಂಟೆಗೆ ಒಂದು ಪೆಟ್ಟು ಹೊಡೆಯುವ ಮಾಮೂಲು ಗೋಡೆ ಗಡಿಯಾರ ದಿನಕ್ಕೆ 180 ಸಲ ಹೊಡೆಯುತ್ತದೆ. ಲೆಕ್ಕ ಹಾಕಿ ನೋಡಿ. ಒಂದರಿಂದ ಹನ್ನೆರಡರವರೆಗೆ ಕೂಡಿದರೆ 78, ದಿನಕ್ಕೆ ಎರಡು ಸುತ್ತು ಅಂದರೆ 156, ಮೇಲೆ ಅರ್ಧ ಗಂಟೆಗಳು 24. ಕಾಲು ಕಾಲು ಗಂಟೆಗೆ ರಾಗ ನುಡಿಸುವ ವೆಸ್ಟ್‌ಮಿನ್‌ಸ್ಟರ್ ಗಡಿಯಾರವಾದರೆ ಕಥೆಯೇ ಬೇರೆ. ಗಂಟೆಗೆ 40 ಸ್ವರ, ದಿನಕ್ಕೆ 960. ಗಂಟೆಯ ಪೆಟ್ಟು ಅದರ ಮೇಲೆ. ಆ ರಾಗ ಮೊದಲು ಕೇಳಿದ್ದು 1793ರಲ್ಲಿ ಕೇಂಬ್ರಿಜ್‌ನ ಒಂದು ಚರ್ಚಿನ ಗೋಪುರದಲ್ಲಿ. ಆಮೇಲೆ ಲಂಡನ್ನಿನ ಪಾರ್ಲಿಮೆಂಟಿನ ಗಡಿಯಾರಕ್ಕೆ ಹೋಗಿ ಆ ಹೆಸರು ಪಡೆಯಿತು. ಊರಿಡೀ ಕೇಳಲೆಂದು ಮಾಡಿದ ರಾಗವನ್ನು ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ತರುವವರ ಧೈರ್ಯ ದೊಡ್ಡದು.

ಪೆಟ್ಟು ಬೀಳುವುದು ಯಾವುದರ ಮೇಲೆ ಎಂದೂ ನೋಡಬೇಕು. ಸಣ್ಣ ಲೋಹದ ಗಂಟೆಯಾದರೆ ಸದ್ದು ಚೂಪು. ಸುರುಳಿ ಸುತ್ತಿದ ತಂತಿಯಾದರೆ ತಗ್ಗಿನ ಸ್ವರ, ತುಂಬ ಹೊತ್ತು ನಿಲ್ಲುವಂಥದ್ದು. ನೇರ ಸರಳುಗಳಾದರೆ ಎರಡರ ನಡುವೆ. ನನಗೆ ಸುರುಳಿಯೇ ಇಷ್ಟ. ಅದನ್ನು ಪೆಟ್ಟಿಗೆಯ ಹಿಂದಿನ ಹಲಗೆಗೆ ಬಿಗಿದಿರುತ್ತಾರೆ, ಹಾಗಾಗಿ ಮರವೂ ಜೊತೆಗೆ ನುಡಿಯುತ್ತದೆ. ಸದ್ದು ಕರ್ಕಶ ಅನಿಸಿದರೆ ಕೂಡಲೇ ಬೇಡ ಅನ್ನಬೇಡಿ. ಸುತ್ತಿಗೆಯ ತುದಿಯಲ್ಲಿ ಒಂದು ತುಂಡು ತೊಗಲು ಇರುತ್ತದೆ, ಅದು ವರ್ಷಗಳಲ್ಲಿ ಕಲ್ಲಾಗಿರುತ್ತದೆ. ಹೊಸ ತೊಗಲು ಅಂಟಿಸಿದರೆ ಅದೇ ಗಡಿಯಾರದ ಸ್ವರ ಮೆತ್ತಗಾಗುತ್ತದೆ.

ಇನ್ನೊಂದು ವಿಷಯ. ಮುಳ್ಳು ಮೂರು ತೋರಿಸುತ್ತಿದೆ, ಹೊಡೆದದ್ದು ಏಳು. ಇದನ್ನು ಕಂಡು ಓಡಿಹೋದವರಿದ್ದಾರೆ. ಹಳೆ ಮಾದರಿಯಲ್ಲಿ ಒಂದು ಕಚ್ಚುಗಳಿರುವ ಚಕ್ರ ಪೆಟ್ಟುಗಳನ್ನು ಸರದಿಯಲ್ಲಿ ಎಣಿಸುತ್ತದೆ. ಮುಳ್ಳು ಎಲ್ಲಿದೆ ಎಂಬುದು ಅದಕ್ಕೆ ಗೊತ್ತೇ ಇಲ್ಲ. ಯಾರೋ ಮುಳ್ಳನ್ನು ಅವಸರದಲ್ಲಿ ತಿರುಗಿಸಿದಾಗ ಲೆಕ್ಕ ತಪ್ಪಿರುತ್ತದೆ, ಅಷ್ಟೇ. ಒಳಗಿನ ಸಣ್ಣ ಕಡ್ಡಿ ಎತ್ತಿ ಎತ್ತಿ ಹೊಡೆಸಿದರೆ ಸರಿಯಾಗುತ್ತದೆ. ಆಮೇಲಿನ ಮಾದರಿಗಳು ಮುಳ್ಳಿನ ಜಾಗ ನೋಡಿಕೊಂಡೇ ಹೊಡೆಯುತ್ತವೆ, ಅವಕ್ಕೆ ಈ ತೊಂದರೆ ಇಲ್ಲ. ಅಂಗಡಿಯಲ್ಲಿ ದೊಡ್ಡ ಮುಳ್ಳನ್ನು ನಿಧಾನಕ್ಕೆ ಮುಂದಕ್ಕೆ ತಿರುಗಿಸುತ್ತಾ ಹನ್ನೆರಡೂ ಗಂಟೆ ಹೊಡೆಸಿ ನೋಡಿ. ಪ್ರತಿ ಸಲ ಹೊಡೆದು ಮುಗಿಯುವವರೆಗೆ ಕಾಯಿರಿ. ಹಿಂದಕ್ಕೆ ಮಾತ್ರ ತಿರುಗಿಸಬೇಡಿ. ಹನ್ನೆರಡು ಗಂಟೆ ಕೇಳುವಷ್ಟು ತಾಳ್ಮೆ ಇಲ್ಲದ ಅಂಗಡಿಯಿಂದ ಗಡಿಯಾರ ತರದಿದ್ದರೆ ನಷ್ಟವೇನೂ ಇಲ್ಲ.

ರಾತ್ರಿ ಸದ್ದು ಬೇಡ ಅನ್ನುವವರಿಗೆ ದಾರಿ ಇದೆ. ಡಯಲಿನಲ್ಲಿ ಕೀ ಕೊಡುವ ತೂತು ಎರಡಿದ್ದರೆ ಸಾಮಾನ್ಯವಾಗಿ ಬಲಗಡೆಯದ್ದು ಸಮಯಕ್ಕೆ, ಎಡಗಡೆಯದ್ದು ಗಂಟೆಗೆ. ಎಡಗಡೆಯ ಸ್ಪ್ರಿಂಗಿಗೆ ಕೀ ಕೊಡದೆ ಬಿಟ್ಟರೆ ಗಡಿಯಾರ ಮೌನವಾಗಿ ಓಡುತ್ತದೆ. ಎಣಿಸುವ ಚಕ್ರದ ಹಳೆ ಮಾದರಿಗೆ ಇದು ಪೂರ್ತಿ ಸರಿ. ಹೊಸ ಮಾದರಿಯ ಕೆಲವು ಮಾತ್ರ ಗಂಟೆ ಹೊಡೆಯಲಾಗದೆ ಹನ್ನೆರಡು ದಾಟುವಾಗ ಸಿಕ್ಕಿಕೊಂಡು ನಿಲ್ಲುತ್ತವೆ. ಒಂದು ದಿನ ಓಡಿಸಿ ನೋಡಿದರೆ ಗೊತ್ತಾಗುತ್ತದೆ.

ಇಷ್ಟೆಲ್ಲ ಕಿವಿಯಿಂದ ಕೇಳುವಾಗ ಅಂಗಡಿಯ ಜೊತೆಗೆ ನಿಮ್ಮ ಮನೆಯನ್ನೂ ನೆನಪಿನಲ್ಲಿಟ್ಟುಕೊಳ್ಳಬೇಕು. ಹಂಚಿನ ಮಾಡಿನ ಹಳೆ ಮನೆಗಳಲ್ಲಿ ಕೋಣೆಯ ಗೋಡೆ ಮಾಡಿನವರೆಗೆ ಹೋಗುವುದಿಲ್ಲ. ಚಾವಡಿಯಲ್ಲಿ ಹೊಡೆದ ಗಂಟೆ ಗೋಡೆಯ ಮೇಲಿನಿಂದ ಹರಿದು ಅಡುಗೆಮನೆಗೂ ಮುಟ್ಟುತ್ತದೆ. ಹಿಂದೆ ಅದು ಬೇಕಾಗಿಯೂ ಇತ್ತು. ಮನೆಗೆ ಇದ್ದದ್ದು ಒಂದೇ ಗಡಿಯಾರ. ಅಡಿಕೆ ಸುಲಿಯುವವರಿಗೆ, ದನದ ಕೊಟ್ಟಿಗೆಯಲ್ಲಿದ್ದವರಿಗೆ, ಬಸ್ಸಿಗೆ ಹೊರಟ ಮಕ್ಕಳಿಗೆ ಎಲ್ಲರಿಗೂ ಅದೇ ಲೆಕ್ಕ. ಈಗಿನ ಕಾಂಕ್ರೀಟು ಮನೆಯಲ್ಲಿ ಸದ್ದು ಕೋಣೆಯೊಳಗೇ ಗೋಡೆಯಿಂದ ಗೋಡೆಗೆ ಬಡಿಯುತ್ತದೆ. ಟೈಲ್ಸ್ ನೆಲ, ಬೋಳು ಗೋಡೆ, ಗಾಜಿನ ಕಿಟಕಿ ಇದ್ದರೆ ಅಂಗಡಿಯಲ್ಲಿ ಇಂಪಾಗಿದ್ದದ್ದು ಮನೆಯಲ್ಲಿ ರಪ್ಪೆಂದು ಕೇಳಬಹುದು. ಕರ್ಟನ್, ಸೋಫಾ, ಪುಸ್ತಕದ ಕಪಾಟು ಇರುವ ಕೋಣೆಯಲ್ಲಿ ಅದೇ ಗಡಿಯಾರ ಸೌಮ್ಯ.

ಸದ್ದಿನ ನಂತರ ನಮ್ಮ ಊರಿನ ದೊಡ್ಡ ಸಮಸ್ಯೆ ನೀರು. ಮಳೆಗಾಲ ಅಂದರೆ ಕಾಸರಗೋಡಿನಲ್ಲಿ ತಮಾಷೆಯಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಸುರಿಯುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಚಪ್ಪಲಿಗೂ ಬೂಸ್ಟು, ಪುಸ್ತಕಕ್ಕೂ ಬೂಸ್ಟು. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲ ಬದಿಯವರಿಗೆ ಉಪ್ಪುಗಾಳಿ ಬೇರೆ. ಆದರೆ ನಮಗೆ ಸಿಗುವ ಹಳೆ ಗಡಿಯಾರಗಳಲ್ಲಿ ಬಹಳಷ್ಟು ಜರ್ಮನಿಯ ಒಣ ಕೋಣೆಗಳಿಗೆ ತಕ್ಕ ಹಾಗೆ ಹುಟ್ಟಿದವು. ಹೊರಗೆ ಕಾಣುವ ವಾಲ್ನಟ್ ಮರ ಬರೀ ತೆಳು ಪದರ. ಒಳಗೆ ಪೈನ್‌ನಂಥ ಮೆದು ಮರ. ಎರಡನ್ನೂ ಪ್ರಾಣಿಜನ್ಯ ಅಂಟಿನಿಂದ ಕೂಡಿಸಿರುತ್ತಾರೆ. ತೇವಕ್ಕೆ ಆ ಅಂಟು ಬಿಡುತ್ತದೆ, ಪದರ ಏಳುತ್ತದೆ, ಒಳಗಿನ ಮರಕ್ಕೆ ಕುಟ್ಟೆ ಹಿಡಿಯುತ್ತದೆ. ಉಗುರಿನಿಂದ ಅಲ್ಲಲ್ಲಿ ತಟ್ಟಿ ನೋಡಿ. ಟೊಳ್ಳು ಸದ್ದು ಬಂದಲ್ಲಿ ಪದರ ಬಿಟ್ಟಿದೆ. ಬುಡದಲ್ಲಿ ಹಿಟ್ಟು ಬಿದ್ದಿದ್ದರೆ ಹುಳ ಇನ್ನೂ ಜೀವಂತ ಇದೆ ಎಂದು ತಿಳಿಯಿರಿ.

ಸಾಗುವಾನಿ ಪೆಟ್ಟಿಗೆಯವು ನಮ್ಮ ಹವೆಗೆ ಹೆಚ್ಚು ಬಾಳುತ್ತವೆ. ಯಂತ್ರ ಮಾತ್ರ ಹೊರದೇಶದ್ದು, ಪೆಟ್ಟಿಗೆ ಇಲ್ಲಿಯದ್ದು ಎಂಬ ಗಡಿಯಾರಗಳೂ ಸಾಕಷ್ಟಿವೆ. ಡಯಲಿನ ಮೇಲೆ ತಯಾರಕರ ಬದಲು ಮಾರಿದವರ ಹೆಸರು ಇರುವುದೂ ಉಂಟು. ಮದ್ರಾಸಿನ ಪಿ. ಆರ್ ಆ್ಯಂಡ್ ಸನ್ಸ್, ಬೊಂಬಾಯಿಯ ವೆಸ್ಟ್ ಎಂಡ್ ವಾಚ್ ಕಂಪೆನಿ ಹೀಗೆ. 1956ರ ನವೆಂಬರಿನ ತನಕ ಕಾಸರಗೋಡು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತಲ್ಲ, ಮದ್ರಾಸಿನ ಹೆಸರು ಹೊತ್ತ ಡಯಲು ನಮ್ಮ ಹಳೆ ಮನೆಯ ಗೋಡೆಯಲ್ಲಿ ಕಂಡರೆ ಅದಕ್ಕೊಂದು ಅರ್ಥ ಉಂಟು. ಮೂಲ ಪೆಟ್ಟಿಗೆ ಹುಳ ತಿಂದು ಹೋದ ಮೇಲೆ ಊರಿನ ಆಚಾರಿಯಿಂದ ಹಲಸಿನ ಮರದ ಪೆಟ್ಟಿಗೆ ಮಾಡಿಸಿಕೊಂಡ ಗಡಿಯಾರಗಳೂ ಸಿಗುತ್ತವೆ. ಸಂಗ್ರಹಕಾರರು ಅವನ್ನು ಕಂಡು ಮುಖ ತಿರುಗಿಸುತ್ತಾರೆ, ಬೆಲೆಯೂ ಕಡಿಮೆ. ನನಗೆ ಅವೇ ಹೆಚ್ಚು ಪ್ರೀತಿ. ಮನೆಗೆ ಬೇಕಾಗಿ ಕೊಳ್ಳುವವರು, ಮತ್ತೆ ಮಾರುವ ಯೋಚನೆ ಇಲ್ಲದವರು, ಅಂಥದ್ದನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು.

ಎಲ್ಲಿ ತೂಗಿಸುವುದು ಎಂಬುದೂ ನೀರಿನದೇ ಪ್ರಶ್ನೆ. ಪಡುವಣದ ಹೊರಗೋಡೆ ಮಳೆಗಾಲದಲ್ಲಿ ಒಳಗಿನಿಂದಲೂ ಬೆವರುತ್ತದೆ. ಅದನ್ನು ಬಿಟ್ಟು ಕೋಣೆಗಳ ನಡುವಿನ ಗೋಡೆ ಆರಿಸಿ. ಕೆಂಪುಕಲ್ಲಿನ ಗೋಡೆಗೆ ಬರೀ ಮೊಳೆ ಹೊಡೆದರೆ ಪುಡಿಯಾಗಿ ಕೈಗೆ ಬರುತ್ತದೆ. ತೂತು ಕೊರೆದು, ಮರದ ಗೂಟ ಬಿಗಿಯಾಗಿ ಕೂರಿಸಿ, ಅದಕ್ಕೆ ಸ್ಕ್ರೂ ಹಾಕಬೇಕು. ಗೂಟ ಅಲುಗಿದರೆ ಪೆಟ್ಟಿಗೆ ಅಲುಗುತ್ತದೆ, ಪೆಟ್ಟಿಗೆ ಅಲುಗಿದರೆ ಪೆಂಡುಲಂನ ಶಕ್ತಿ ಅಲ್ಲೇ ಸೋರಿ ಗಡಿಯಾರ ನಿಲ್ಲುತ್ತದೆ. "ಯಂತ್ರ ಸರಿ ಉಂಟು, ಆದರೂ ನಿಲ್ಲುತ್ತದೆ" ಅನ್ನುವ ದೂರುಗಳಲ್ಲಿ ಕೆಲವಕ್ಕೆ ಮದ್ದು ಗೋಡೆಯಲ್ಲೇ ಇರುತ್ತದೆ. ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಿ, ಮಳೆಗಾಲ ಮುಗಿದ ಮೇಲೆ ಬದಲಿಸಿ. ಹಿಂದಿನವರು ಚಿಮಿಣಿ ಎಣ್ಣೆ ತುಂಬಿದ ಸಣ್ಣ ತಟ್ಟೆ ಒಳಗಿಡುತ್ತಿದ್ದರು, ಆವಿ ಚಕ್ರಗಳಿಗೆ ಒಳ್ಳೆಯದೆಂದು. ನನ್ನ ಪ್ರಕಾರ ಅದರಿಂದ ಬರುವುದು ವಾಸನೆ ಮಾತ್ರ. ಮರದ ಪೆಟ್ಟಿಗೆಯೊಳಗೆ ಸೀಮೆಎಣ್ಣೆ, ಪಕ್ಕದಲ್ಲಿ ದೇವರ ದೀಪ. ಬೇಡ ಮಾರಾಯ್ರೆ.

ತೆಂಗಿನೆಣ್ಣೆಯಂತೂ ಖಂಡಿತ ಬೇಡ. ತೆಂಗಿನ ಸಂಶೋಧನಾ ಕೇಂದ್ರವೇ ಇರುವ ಊರು ನಮ್ಮದು, ಬಾಗಿಲು ಕಿರುಗುಟ್ಟಿದರೂ ಕೈ ಮೊದಲು ಹೋಗುವುದು ತೆಂಗಿನೆಣ್ಣೆಗೆ. ಗಡಿಯಾರಕ್ಕೆ ಅದು ವಿಷ. 24 ಡಿಗ್ರಿ ಸುಮಾರಿಗೆ ಕೆಳಗಿಳಿದರೆ ಹೆಪ್ಪುಗಟ್ಟುತ್ತದೆ. ದಿನ ಕಳೆದಂತೆ ಹಳಸಿ ಕನೆಯಾಗಿ ಅಂಟಾಗುತ್ತದೆ, ಹಿತ್ತಾಳೆಯನ್ನು ಹಸಿರು ಹಿಡಿಸುತ್ತದೆ. ಗಡಿಯಾರದ್ದೇ ಎಣ್ಣೆ ಸಿಗುತ್ತದೆ, ಹಾಕಿದ ಜಾಗದಲ್ಲಿ ನಿಲ್ಲುವ ಗುಣದ್ದು. ಅಚ್ಚಿನ ತೂತಿಗೆ ಸೂಜಿಯ ತುದಿಯಷ್ಟು ಸಾಕು. ಚಕ್ರದ ಹಲ್ಲುಗಳಿಗೆ ಎಣ್ಣೆ ಹಾಕಬಾರದು. ಅಲ್ಲಿ ಧೂಳು ಕೂತು ಅರೆಯುವ ಹುಡಿಯಾಗುತ್ತದೆ. ಕೊಳ್ಳುವಾಗ ಹಿಂದಿನ ಬಾಗಿಲು ತೆರೆದು ಮೂಸಿ ನೋಡಿ. ಕನೆ ಎಣ್ಣೆಯ ವಾಸನೆ ಬಂದರೆ ಪೂರ್ತಿ ಬಿಚ್ಚಿ ತೊಳೆಯುವ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ.

ಈಗ ಕಣ್ಣು ತೆರೆಯಬಹುದು. ಹಳೆಯದು ಎಂದು ಮಾರುವುದೆಲ್ಲ ಹಳೆಯದಲ್ಲ. ಮುಂಬೈಯ ಚೋರ್ ಬಜಾರ್, ಕೊಚ್ಚಿಯ ಮಟ್ಟಾಂಚೇರಿಯ ಹಳೆ ಸಾಮಾನಿನ ಬೀದಿ, ಬೆಂಗಳೂರಿನ ಸಂಡೇ ಬಜಾರ್, ಎಲ್ಲ ಕಡೆ ಅಸಲಿನ ಜೊತೆ ಹೊಸದನ್ನು ಹಳತು ಮಾಡಿದ್ದೂ ಇರುತ್ತದೆ. ನಾನು ಮೊದಲು ನೋಡುವುದು ಸ್ಕ್ರೂಗಳನ್ನು. ಪ್ಲಸ್ ಗುರುತಿನ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ನೂರ ಇಪ್ಪತ್ತು ವರ್ಷ ಹಳೆಯದು ಎಂದು ಹೇಳುವ ಗಡಿಯಾರದ ತುಂಬ ಪ್ಲಸ್ ಸ್ಕ್ರೂ ಇದ್ದರೆ ಯಾರೋ ಆಮೇಲೆ ಕೈ ಆಡಿಸಿದ್ದಾರೆ ಅಥವಾ ಇಡೀ ಕಥೆಯೇ ಸುಳ್ಳು. ಹಿಂದಿನ ಹಲಗೆ ಪ್ಲೈವುಡ್ ಇದೆಯಾ? ಹಲಗೆಯಲ್ಲಿ ಈಗ ಯಾವುದಕ್ಕೂ ಬೇಡದ ತೂತುಗಳಿವೆಯಾ? ಇದ್ದರೆ ಒಂದರ ಪೆಟ್ಟಿಗೆಗೆ ಇನ್ನೊಂದರ ಯಂತ್ರ ಕೂರಿಸಿದ್ದು. ಕೂರಿಸಿದ್ದಾದರೆ ತಪ್ಪೇನಿಲ್ಲ, ಬೆಲೆ ಅದಕ್ಕೆ ತಕ್ಕ ಹಾಗಿರಬೇಕು ಅಷ್ಟೇ.

ಯಂತ್ರದ ಹಿಂದಿನ ತಗಡಿನಲ್ಲಿ ಗುರುತು ಇರುತ್ತದೆ. ಎಂಟು ಮೂಲೆಯ ನಕ್ಷತ್ರದ ನಡುವೆ ಇಂಗ್ಲಿಷಿನ ಜೆ ಅಕ್ಷರ ಇದ್ದರೆ ಯುಂಗ್‌ಹಾನ್ಸ್. ಜರ್ಮನಿಯ ಬ್ಲ್ಯಾಕ್ ಫಾರೆಸ್ಟಿನ ಶ್ರಾಂಬರ್ಗ್ ಊರಿನದು, 1861ರಲ್ಲಿ ಶುರುವಾದದ್ದು, ಒಂದು ಕಾಲದಲ್ಲಿ ಲೋಕದಲ್ಲೇ ದೊಡ್ಡ ಗಡಿಯಾರ ಕಾರ್ಖಾನೆ. ಅಡ್ಡಹಾಯ್ದ ಎರಡು ಬಾಣಗಳಿದ್ದರೆ ಹ್ಯಾಂಬರ್ಗ್ ಅಮೆರಿಕನ್, ಅದೂ ಅದೇ ಊರಿನದು. ಜಿ ಮತ್ತು ಬಿ ಅಕ್ಷರಗಳ ಜೊತೆ ಲಂಗರು, ಮೇಲೆ ಕಿರೀಟ ಇದ್ದರೆ ಗುಸ್ತಾವ್ ಬೆಕರ್. ಅದರ ಊರು ಆಗ ಜರ್ಮನಿಯಲ್ಲಿತ್ತು, ಈಗ ಪೋಲೆಂಡಿನಲ್ಲಿದೆ. ಗಡಿ ಸರಿದದ್ದು ನಮ್ಮ ಊರಿಗೆ ಮಾತ್ರ ಅಲ್ಲ ನೋಡಿ. ಬೆಕರ್ ಯಂತ್ರದ ಮೇಲಿನ ಸರಣಿ ಸಂಖ್ಯೆ ಹಿಡಿದು ವರ್ಷ ಅಂದಾಜಿಸಬಹುದು. ಸೈಕೋಶಾ ಎಂದಿದ್ದರೆ ಜಪಾನಿನದ್ದು. ಟೋಕಿಯೋದ ಆ ಕಾರ್ಖಾನೆ ಗೋಡೆ ಗಡಿಯಾರದಿಂದಲೇ 1892ರಲ್ಲಿ ಶುರುವಾಯಿತು, ಇವತ್ತಿನ ಸೈಕೋದ ಮೂಲ ಅದು. ಆನ್ಸೋನಿಯಾ, ಸೇತ್ ಥಾಮಸ್ ಅಮೆರಿಕದವು. ಆನ್ಸೋನಿಯಾದ ಯಂತ್ರೋಪಕರಣಗಳನ್ನು 1929ರಲ್ಲಿ ಸೋವಿಯತ್ ರಷ್ಯಕ್ಕೆ ಮಾರಿದರು, ಅಲ್ಲಿಗೆ ಆ ಹೆಸರಿನ ಮೂಲ ಕಥೆ ಮುಗಿಯಿತು.

ದೇಶದ ಹೆಸರೂ ಕಾಲ ಹೇಳುತ್ತದೆ. ಹೊರದೇಶದ ಸಾಮಾನಿಗೆ ಮೂಲ ದೇಶದ ಗುರುತು ಇರಬೇಕೆಂಬ ಬ್ರಿಟಿಷ್ ಕಾನೂನು ಬಂದದ್ದು 1887ರಲ್ಲಿ. ಮೇಡ್ ಇನ್ ಜರ್ಮನಿ ಎಂಬುದು ಅಲ್ಲಿಂದೀಚೆಗೆ ಸಾಮಾನ್ಯವಾಯಿತು. ವೆಸ್ಟ್ ಜರ್ಮನಿ ಎಂದಿದ್ದರೆ ಅದು 1949ಕ್ಕಿಂತ ಹಳೆಯದಾಗಲು ಸಾಧ್ಯವೇ ಇಲ್ಲ. ಅಜ್ಜನ ಅಜ್ಜ ತಂದದ್ದು ಎಂದು ಯಾರು ಎಷ್ಟು ಹೇಳಿದರೂ.

ನಾಲ್ಕನ್ನು ನಾಲ್ಕು ಗೀಟುಗಳಲ್ಲಿ ಬರೆದಿದ್ದರೆ ನಕಲಿ ಎಂದುಕೊಳ್ಳಬೇಡಿ. ರೋಮನ್ ಅಂಕಿಯ ಡಯಲುಗಳಲ್ಲಿ ಅದೇ ವಾಡಿಕೆ.

ಇಲ್ಲಿ ನಮ್ಮ ಜಿಲ್ಲೆಯದ್ದೇ ಆದ ಒಂದು ವರ್ಗದ ಬಗ್ಗೆ ಹೇಳಬೇಕು. ಗಲ್ಫ್ ಗಡಿಯಾರ. ಎಪ್ಪತ್ತು, ಎಂಬತ್ತರ ದಶಕದಲ್ಲಿ ದುಬೈ, ಅಬುಧಾಬಿಗೆ ಹೋದವರು ರಜೆಯಲ್ಲಿ ಬರುವಾಗ ಟೇಪ್‌ರೆಕಾರ್ಡರ್, ಟಾರ್ಚು, ಸೆಂಟಿನ ಜೊತೆ ಗೋಡೆ ಗಡಿಯಾರವನ್ನೂ ತಂದರು. ಸಿಟಿಜನ್, ಸೈಕೋ. ಚಿನ್ನದ ಬಣ್ಣದ ಪ್ಲಾಸ್ಟಿಕ್ ಅಂಚು, ಗಾಜಿನ ಹಿಂದೆ ತೂಗುವ ಪೆಂಡುಲಂ. ಅದು ಬರೀ ಚಂದಕ್ಕೆ ತೂಗುತ್ತದೆ, ಸಮಯಕ್ಕೂ ಅದಕ್ಕೂ ಸಂಬಂಧವಿಲ್ಲ. ಒಳಗೆ ಸೆಕೆಂಡಿಗೆ 32,768 ಸಲ ಕಂಪಿಸುವ ಸ್ಫಟಿಕದ ಚೂರು ಲೆಕ್ಕ ಇಡುತ್ತದೆ. ತಳಂಗರೆಯಿಂದ ಮಂಜೇಶ್ವರದವರೆಗೆ ಹಲವು ಮನೆಗಳಲ್ಲಿ ಇವು ಈಗಲೂ ಇವೆ. ಕೆಲವು ಮನೆಗಳಲ್ಲಿ ಪಕ್ಕದಲ್ಲೇ ಐದು ಹೊತ್ತಿನ ಬಾಂಗ್ ಕೊಡುವ ಗಡಿಯಾರವೂ ಇರುತ್ತದೆ. ಹಳೆ ವಸ್ತು ಹುಡುಕುವವರು ಇವನ್ನು ಪ್ಲಾಸ್ಟಿಕ್ ಎಂದು ತಿರಸ್ಕರಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ನಲವತ್ತು ವರ್ಷ ದಾಟಿದ, ಒಂದು ಊರಿನ ದುಡಿಮೆಯ ಕಥೆ ಹೇಳುವ ವಸ್ತು ಅದು. ಜರ್ಮನಿಯ ಗಡಿಯಾರಕ್ಕೆ ಕಾಸರಗೋಡಿನ ನೆನಪು ಎಷ್ಟಿರಲು ಸಾಧ್ಯ? ಮನೆಯ ಅಟ್ಟದಲ್ಲಿ ಅಂಥದ್ದಿದ್ದರೆ ಗುಜರಿಗೆ ಹಾಕುವ ಮೊದಲು ಬ್ಯಾಟರಿಯ ಜಾಗ ನೋಡಿ. ಹಳೆ ಬ್ಯಾಟರಿ ಸೋರಿ ಹಸಿರು, ಬಿಳಿ ಹುಡಿ ಹಿಡಿದಿದ್ದರೆ ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿ, ಒಣಗಿಸಿ ಹೊಸ ಬ್ಯಾಟರಿ ಹಾಕಿ. ಎಷ್ಟೋ ಸಲ ಅಷ್ಟರಲ್ಲೇ ಓಡುತ್ತದೆ.

ಕೀ ಕೊಡುವ ಗಡಿಯಾರ ತಂದವರು ಸ್ವಲ್ಪ ದಿನದಲ್ಲಿ ಹೇಳುವ ದೂರು, "ದಿನಕ್ಕೆ ಒಂದೆರಡು ನಿಮಿಷ ತಪ್ಪುತ್ತದೆ." ತಪ್ಪಲಿ ಬಿಡಿ. ಉಷ್ಣಕ್ಕೆ ಪೆಂಡುಲಂನ ಸರಳು ಹಿಗ್ಗುತ್ತದೆ, ಗಡಿಯಾರ ನಿಧಾನವಾಗುತ್ತದೆ. ಉಕ್ಕಿನ ಸರಳಾದರೆ ಒಂದು ಡಿಗ್ರಿಗೆ ದಿನಕ್ಕೆ ಸುಮಾರು ಅರ್ಧ ಸೆಕೆಂಡು. ಬುಡದ ಸಣ್ಣ ನಟ್ಟನ್ನು ಮೇಲಕ್ಕೆ ತಿರುಗಿಸಿದರೆ ಓಟ ಹೆಚ್ಚುತ್ತದೆ, ಕೆಳಕ್ಕಾದರೆ ಕಡಿಮೆ. ಒಮ್ಮೆ ತಿರುಗಿಸಿದ ಮೇಲೆ ಎರಡು ದಿನ ಬಿಟ್ಟು ನೋಡಿ, ದಿನಕ್ಕೆ ಹತ್ತು ಸಲ ತಿರುಗಿಸಬೇಡಿ.

ಅಷ್ಟಕ್ಕೂ ಸರಿಯಾದ ಸಮಯ ಅಂದರೆ ಯಾವುದು? ನಮ್ಮ ದೇಶದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಕಾಸರಗೋಡು ಇರುವುದು ಸುಮಾರು 75 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕ ಹಿಡಿದರೆ ನಮ್ಮ ಸೂರ್ಯ ಮೊಬೈಲಿಗಿಂತ ಅರ್ಧ ಗಂಟೆ ಹಿಂದೆ. ಅಂಗಳದಲ್ಲಿ ಕೋಲು ನೆಟ್ಟು ನೋಡಿ. ನೆರಳು ಅತಿ ಗಿಡ್ಡವಾಗುವುದು ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಆಸುಪಾಸಿನಲ್ಲಿ. ಫೆಬ್ರವರಿಯಲ್ಲಿ ಅದು ಮುಕ್ಕಾಲರ ತನಕವೂ ಹೋಗುತ್ತದೆ, ನವೆಂಬರಿನಲ್ಲಿ ಕಾಲರ ಹತ್ತಿರ ಬರುತ್ತದೆ. ಈ ಏಕ ಸಮಯ ಜಾರಿಗೆ ಬಂದದ್ದು 1906ರ ಜನವರಿ 1ರಂದು. ಅದಕ್ಕೆ ಮೊದಲು ರೈಲುಗಳು ಓಡುತ್ತಿದ್ದದ್ದು ಮದ್ರಾಸು ಸಮಯಕ್ಕೆ, ಈಗಿನದ್ದಕ್ಕಿಂತ ಸುಮಾರು ಒಂಬತ್ತು ನಿಮಿಷ ಹಿಂದೆ. ನಮ್ಮೂರು ದಾಟಿ ರೈಲು ಮಂಗಳೂರು ಮುಟ್ಟಿದ್ದು 1907ರಲ್ಲಿ, ಹಾಗಾಗಿ ನಮ್ಮ ಸ್ಟೇಷನ್ನುಗಳಿಗೆ ಈ ಸಮಯ ಬದಲಾವಣೆಯ ಗೋಜು ಬರಲಿಲ್ಲ. ಅರ್ಧ ಗಂಟೆಯ ವ್ಯತ್ಯಾಸವನ್ನು ಗೊತ್ತೇ ಆಗದಂತೆ ನುಂಗಿಕೊಂಡು ಬದುಕುವವರು ಎರಡು ನಿಮಿಷಕ್ಕೆ ಅಜ್ಜ ಗಡಿಯಾರವನ್ನು ಬೈಯಬಾರದು, ಅಲ್ವಾ?

ಚಂದದ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಉದ್ದ ಗಡಿಯಾರಕ್ಕೆ ಸುತ್ತ ಖಾಲಿ ಗೋಡೆ ಬೇಕು. ಕ್ಯಾಲೆಂಡರ್, ಸನ್ಮಾನದ ಫಲಕ, ಹಿರಿಯರ ಫೋಟೋಗಳ ನಡುವೆ ತುರುಕಿದರೆ ಯಾವುದೂ ಕಾಣುವುದಿಲ್ಲ. ಡಯಲು ನಿಂತವರ ಕಣ್ಣಿನ ಎತ್ತರಕ್ಕಿಂತ ತುಸು ಮೇಲಿರಲಿ. ಮಾಡಿನ ಹತ್ತಿರ ತೂಗಿಸಿದರೆ ವಾರ ವಾರ ಸ್ಟೂಲು ಹತ್ತುವವರು ಯಾರು? ಒಂದು ಕೋಣೆಗೆ ಒಂದೇ ಸಾಕು. ಹೋಟೆಲಿನವರು ಇಡೀ ಗೋಡೆ ತುಂಬ ನಿಂತ ಗಡಿಯಾರ ತೂಗಿಸುತ್ತಾರೆ. ಅದು ಅವರ ವ್ಯಾಪಾರ, ಮನೆಗೆ ಬೇಡ. ಯಂತ್ರ ತೆಗೆದು ಬ್ಯಾಟರಿ ಕೂರಿಸಿಕೊಡುತ್ತೇವೆ ಎಂದರೆ ಒಪ್ಪಬೇಡಿ. ಕೂರಿಸಲೇಬೇಕಾದರೆ ಹಳೆ ಯಂತ್ರವನ್ನು ಕೇಳಿ ತೆಗೆದಿಟ್ಟುಕೊಳ್ಳಿ.

ಕತ್ತಲಲ್ಲಿ ಹೊಳೆಯುತ್ತಿದ್ದ ಹಳೆ ಅಲಾರಂ ಗಡಿಯಾರಗಳ ಬಗ್ಗೆ ಒಂದು ಎಚ್ಚರಿಕೆ. ಅಂಕಿಗಳ ಮೇಲೆ ಕಂದು ಹಳದಿ ಬಣ್ಣ ಹಚ್ಚಿದ್ದು, ಈಗ ಹೊಳೆಯದೆ ಇದ್ದರೆ, ಅದು ರೇಡಿಯಂ ಆಗಿರಬಹುದು. ಹೊಳಪು ಕೊಡುವ ಪುಡಿ ಸತ್ತುಹೋಗಿರುತ್ತದೆ, ರೇಡಿಯಂ ಸಾಯುವುದಿಲ್ಲ. ಅದರ ಅರ್ಧಾಯುಷ್ಯವೇ ಸುಮಾರು 1,600 ವರ್ಷ. ಗಾಜು ಬಿಚ್ಚಬೇಡಿ, ಬಣ್ಣ ಕೆರೆಯಬೇಡಿ, ಮಕ್ಕಳ ಕೈಗೆ, ಮಲಗುವ ಕೋಣೆಗೆ ಬೇಡ.

ಗಲ್ಫಿನಿಂದ ಬಂದ ಗಡಿಯಾರದ ಮಾತಾಯಿತು. ಈಗ ಉಲ್ಟಾ ಬೇಡಿಕೆ ಇದೆ. ಅಲ್ಲಿ ಮನೆ ಮಾಡಿದವರಿಗೆ ತರವಾಡಿನ, ಅಂದರೆ ಕುಟುಂಬದ ಮೂಲ ಮನೆಯ ಗಡಿಯಾರ ಅಲ್ಲಿಗೆ ಬೇಕು. 1972ರ ಪುರಾವಸ್ತು ಕಾನೂನಿನ ಪ್ರಕಾರ ನೂರು ವರ್ಷಕ್ಕಿಂತ ಹಳೆಯ, ಐತಿಹಾಸಿಕ ಮಹತ್ವದ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ನಿಮ್ಮದು ಆ ಪಟ್ಟಿಗೆ ಸೇರುವುದಿಲ್ಲ ಎಂಬ ಪ್ರಮಾಣಪತ್ರವನ್ನು ಪುರಾತತ್ವ ಇಲಾಖೆಯಿಂದ ಪಡೆಯಬಹುದು. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವರ ಜೊತೆ ವಂಶಾವಳಿ ಹೇಳುತ್ತಾ ನಿಲ್ಲುವುದಕ್ಕಿಂತ ಮೊದಲೇ ವಿಚಾರಿಸುವುದು ವಾಸಿ.

ಇನ್ನು ರಿಪೇರಿ. ನಮ್ಮ ಪೇಟೆಗಳಲ್ಲಿ ವಾಚ್ ಅಂಗಡಿಗಳಿವೆ, ಬ್ಯಾಟರಿ ಹಾಕುತ್ತಾರೆ, ಬೆಲ್ಟು ಬದಲಿಸುತ್ತಾರೆ. ಗೋಡೆ ಗಡಿಯಾರ ಬಿಚ್ಚಿ ತೊಳೆಯುವ ಕೈಗಳು ಬೆರಳೆಣಿಕೆಯಷ್ಟೇ, ಅವೂ ವಯಸ್ಸಾದವು. ಅವರಲ್ಲಿ ಕೆಲವರಿಗೆ ಮಲಯಾಳ, ಕೆಲವರಿಗೆ ತುಳು. ನಿಮಗೆ ಯಾವುದು ಬಂದರೂ ಸಾಕು, ಗಡಿಯಾರದ ಮಾತು ಕೈಸನ್ನೆಯಲ್ಲೇ ಮುಗಿಯುತ್ತದೆ. ಕೊಳ್ಳುವ ಮೊದಲೇ ಅಂಥವರೊಬ್ಬರನ್ನು ಹುಡುಕಿಟ್ಟುಕೊಳ್ಳಿ, ಸಾಧ್ಯವಾದರೆ ಜೊತೆಗೇ ಕರೆದುಕೊಂಡು ಹೋಗಿ. ಸ್ವತಃ ಬಿಚ್ಚುವ ಹುಮ್ಮಸ್ಸು ಬೇಡ. ಕೀ ಕೊಟ್ಟಿರುವ ಮುಖ್ಯ ಸ್ಪ್ರಿಂಗು ಒಮ್ಮೆಗೇ ಬಿಚ್ಚಿಕೊಂಡರೆ ಬೆರಳು ಕತ್ತರಿಸುವಷ್ಟು ಬಲ ಅದರಲ್ಲಿರುತ್ತದೆ. ರಿಪೇರಿಗೆ ಕೊಡುವಾಗ ಒಳಗಿನ ಯಂತ್ರದ, ಗುರುತಿನ, ಸಂಖ್ಯೆಯ ಫೋಟೋ ತೆಗೆದುಕೊಳ್ಳಿ. ಬಾಗಿಲಿನ ಒಳಗೆ ಹಳೆ ಚೀಟಿ ಅಂಟಿಸಿದ್ದರೆ ಅದನ್ನು ಕೀಳಬಾರದೆಂದು ಮೊದಲೇ ಹೇಳಿ. ಬದಲಿಸಿದ ಹಳೆ ಭಾಗಗಳನ್ನು ವಾಪಸ್ ಕೇಳಿ.

ಬಸ್ಸಿನಲ್ಲಿ ಸಾಗಿಸುವುದಾದರೆ ಪೆಂಡುಲಂ ಬಿಚ್ಚಿ ಬೇರೆ ಬಟ್ಟೆಯಲ್ಲಿ ಸುತ್ತಿ. ಅದನ್ನು ತೂಗಹಾಕಿದ ಹಾಗೇ ತಂದರೆ ಮೇಲಿನ ತೆಳು ಉಕ್ಕಿನ ಪಟ್ಟಿ ಮುರಿಯುತ್ತದೆ. ಗಂಟೆಯ ಸುತ್ತಿಗೆಗೂ ನೂಲು ಕಟ್ಟಿ. ಇಲ್ಲದಿದ್ದರೆ ಹೊಂಡ ಬಿದ್ದ ರಸ್ತೆಯಲ್ಲಿ ಪ್ರತಿ ತಿರುವಿಗೂ ಗಂಟೆ ಹೊಡೆಯುತ್ತದೆ, ಇಡೀ ಬಸ್ಸು ತಿರುಗಿ ನಿಮ್ಮನ್ನೇ ನೋಡುತ್ತದೆ. ಕಂಡಕ್ಟರ್ ಲಗೇಜ್ ಟಿಕೆಟು ಕೇಳಿದರೆ ವಾದಕ್ಕಿಳಿಯಬೇಡಿ. ದುಡ್ಡು ಕೊಟ್ಟು ಕಿಟಕಿ ಬದಿಯ ಸೀಟಿನಲ್ಲಿ ಅದನ್ನು ನೆಟ್ಟಗೆ ಕೂರಿಸಿಕೊಳ್ಳಿ.